ಮನೆಯಲ್ಲೇ ಹಲ್ಲು ಬೆಳ್ಳಗೆ ಮಾಡಿಕೊಳ್ಳುವುದು: ಯಾವುದು ಕೆಲಸ ಮಾಡುತ್ತದೆ, ಯಾವುದು ಹಲ್ಲು ಸವೆಸುತ್ತದೆ?

ನಸುಬಿಳಿ:
ಹಲ್ಲು ಬೆಳ್ಳಗಾಗಿಸುವ ವಿಡಿಯೊ ಹತ್ತು ನೋಡಿದರೆ ಹನ್ನೊಂದು ಉಪಾಯ ಸಿಗುತ್ತವೆ. ನಿಂಬೆರಸ, ಅಡುಗೆ ಸೋಡಾ, ಇದ್ದಿಲ ಪುಡಿ, ಜೆಲ್ ಸವರಿದ ಅಂಟುಪಟ್ಟಿ ಅಂದರೆ ಸ್ಟ್ರಿಪ್, ನೀಲಿ ದೀಪ, ನೇರಳೆ ಪೇಸ್ಟ್. ಇವುಗಳಲ್ಲಿ ನಿಜವಾಗಿ ಬಣ್ಣ ಬದಲಿಸುವುದು ಯಾವುದು, ಹಲ್ಲನ್ನೇ ತಿನ್ನುವುದು ಯಾವುದು? ಮನೆಯಲ್ಲಿ ಮಾಡುವುದಾದರೆ ಎಷ್ಟು ಪ್ರಮಾಣ, ಎಷ್ಟು ಹೊತ್ತು, ಎಲ್ಲಿಗೆ ನಿಲ್ಲಿಸಬೇಕು? "ಡಾಕ್ಟರನ್ನು ಕೇಳಿ" ಅಂತ ಒಂದೇ ಸಾಲಲ್ಲಿ ಮುಗಿಸಬೇಡಿ. ಕೇಳಲೇಬೇಕಾದ ಕಡೆ ಯಾಕೆ ಕೇಳಬೇಕು ಅನ್ನೋದನ್ನೂ ಬರೆಯಿರಿ.

ದಂತಕಥೆ:
ಏನನ್ನಾದರೂ ಹಚ್ಚುವ ಮೊದಲು ಬಣ್ಣ ಎಲ್ಲಿ ಕೂತಿದೆ ಅಂತ ನೋಡಬೇಕು. ಮೂರು ಜಾಗಗಳಿವೆ, ಮೂರಕ್ಕೂ ಮದ್ದು ಬೇರೆ.

ಒಂದು, ಹಲ್ಲಿನ ಮೇಲೆ ಗಟ್ಟಿಯಾಗಿ ಅಂಟಿರುವ ಕಿಟ್ಟ. ಬ್ರಷ್‌ಗೆ ಸಿಗದ ಪಾಚಿ ಲಾಲಾರಸದ ಖನಿಜ ಸೇರಿ ಕಲ್ಲಾಗುತ್ತದೆ. ಕೆಳಗಿನ ಮುಂಭಾಗದ ಹಲ್ಲುಗಳ ಒಳಬದಿಯಲ್ಲಿ ಉಗುರಿಗೆ ಒರಟಾಗಿ ತಾಗುವುದು ಇದೇ. ಯಾವ ಪೇಸ್ಟಿಗೂ, ಯಾವ ಜೆಲ್ಲಿಗೂ ಇದು ಜಗ್ಗುವುದಿಲ್ಲ. ದಂತವೈದ್ಯರ ಬಳಿ ಉಪಕರಣದಿಂದ ಕಿಟ್ಟ ತೆಗೆಸುವ ಸ್ಕೇಲಿಂಗ್ ಮಾಡಿಸಬೇಕು, ಬೇರೆ ದಾರಿ ಇಲ್ಲ. ಪಿನ್ನು, ಚಾಕು, ಆನ್‌ಲೈನ್‌ನಲ್ಲಿ ಸಿಗುವ ಕೊಕ್ಕೆ ಹಿಡಿದು ಮನೆಯಲ್ಲಿ ಕೆರೆಯಲು ಹೋದರೆ ಒಸಡು ಹರಿಯುತ್ತದೆ, ಬೇರಿನ ಮೇಲೆ ಗೀರು ಬೀಳುತ್ತದೆ, ಆ ಗೀರಿನಲ್ಲಿ ಪಾಚಿ ಇನ್ನೂ ಬೇಗ ಕೂರುತ್ತದೆ.

ಎರಡು, ಮೇಲ್ಮೈ ಕಲೆ. ಚಹಾ, ಕಾಫಿ, ತಂಬಾಕು, ಕ್ಲೋರ್‌ಹೆಕ್ಸಿಡಿನ್ ಇರುವ ಬಾಯಿ ತೊಳೆಯುವ ದ್ರವ, ಕಬ್ಬಿಣದ ಸಿರಪ್. ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್ ಮೇಲಿರುವ ತೆಳು ಪ್ರೊಟೀನ್ ಪೊರೆಗೆ ಬಣ್ಣ ಹಿಡಿದಿರುತ್ತದೆ. ಪಾಲಿಶ್ ಮಾಡಿಸಿದರೆ ಹೋಗುತ್ತದೆ. ಒಳ್ಳೆಯ ಪೇಸ್ಟ್ ಕೂಡ ಒಂದಷ್ಟು ತೆಗೆಯುತ್ತದೆ.

ಮೂರು, ಒಳಗಿನ ಬಣ್ಣ. ಎನಾಮೆಲ್ ಅರೆಪಾರದರ್ಶಕ. ನಾವು "ಹಲ್ಲಿನ ಬಣ್ಣ" ಅನ್ನುವುದು ಹೆಚ್ಚಾಗಿ ಅದರ ಹಿಂದಿನ ಪದರವಾದ ಡೆಂಟಿನ್‌ನ ಹಳದಿ. ವಯಸ್ಸಾದಂತೆ ಎನಾಮೆಲ್ ಸವೆದು ತೆಳುವಾಗುತ್ತದೆ, ಡೆಂಟಿನ್ ದಪ್ಪವಾಗುತ್ತದೆ, ಹಳದಿ ಎದ್ದು ಕಾಣುತ್ತದೆ. ಇಲ್ಲಿಗೆ ತಲುಪಿ ಬಣ್ಣ ಬದಲಿಸುವುದು ಮುಖ್ಯವಾಗಿ ಬಿಳುಪಿನ ಜೆಲ್‌ಗಳಲ್ಲಿರುವ ಪೆರಾಕ್ಸೈಡ್ ಎಂಬ ರಾಸಾಯನಿಕ ಒಂದೇ. ಉಜ್ಜಿದರೆ ಆಗುವುದು ತದ್ವಿರುದ್ಧ. ಎನಾಮೆಲ್ ತೆಳುವಾದಷ್ಟೂ ಹಲ್ಲು ಇನ್ನೂ ಹಳದಿಯಾಗಿ ಕಾಣುತ್ತದೆ.

ಬ್ರಷ್ಷುಬಾಬು:
ದಂತಕಥೆಯವರ ಕೊನೆಯ ಸಾಲನ್ನು ಎಲ್ಲರೂ ಇನ್ನೊಮ್ಮೆ ಓದಿಕೊಳ್ಳಿ. ಒಂದು ಸಣ್ಣ ಸೇರ್ಪಡೆ: ಹುಟ್ಟಾ ಎಲ್ಲ ಹಲ್ಲೂ ಒಂದೇ ಬಣ್ಣ ಇರುವುದಿಲ್ಲ. ಕೋರೆಹಲ್ಲು ಪಕ್ಕದವುಗಳಿಗಿಂತ ಹಳದಿಯಾಗಿಯೇ ಇರುತ್ತದೆ, ಅದು ರೋಗವಲ್ಲ. ಆದರೆ ಒಂದೇ ಒಂದು ಹಲ್ಲು ಬೂದು ಅಥವಾ ಕಂದಾಗಿದ್ದರೆ ಅದಕ್ಕೆ ಜೆಲ್ ಹಚ್ಚಿ ಕೂರಬೇಡಿ. ಎಂದೋ ಬಿದ್ದ ಪೆಟ್ಟಿಗೆ ಒಳಗಿನ ನರ ಸತ್ತಿರಬಹುದು. ನೋವೇ ಇಲ್ಲದೆ ಬೇರಿನ ತುದಿಯಲ್ಲಿ ಕೀವು ಕಟ್ಟಿರುವುದೂ ಉಂಟು. ಎಕ್ಸ್‌ರೇ ಇಲ್ಲದೆ ಗೊತ್ತಾಗುವುದಿಲ್ಲ. ರೂಟ್ ಕೆನಾಲ್ ಆದ ಹಲ್ಲು ಕಪ್ಪಾಗಿದ್ದರೆ ದಂತವೈದ್ಯರು ಹಿಂಬದಿಯಿಂದ ಒಳಗೇ ಮದ್ದಿಟ್ಟು ಬಿಳುಪು ಮಾಡುತ್ತಾರೆ. ಅದು ಮನೆ ಕೆಲಸವಲ್ಲ.

ನಸುಬಿಳಿ:
ಹಾಗಾದರೆ ನಿಂಬೆರಸ ಮತ್ತು ಸೋಡಾ ಬೆರೆಸಿ ಉಜ್ಜಿದರೆ ತಕ್ಷಣ ಬೆಳ್ಳಗೆ ಕಾಣುತ್ತದಲ್ಲ, ಅದು ಹೇಗೆ?

ರಸಾಯನಿ:
ಕಾಣುತ್ತದೆ, ನಿಜ. ಯಾಕೆ ಅನ್ನುವುದರಲ್ಲೇ ವಿಷಯ ಇರುವುದು. ನಿಂಬೆರಸದ ಪಿಎಚ್ 2ರಿಂದ 2.5ರ ಆಸುಪಾಸು. ಎನಾಮೆಲ್ ಕರಗಲು ಶುರುವಾಗುವುದು ಸುಮಾರು 5.5ಕ್ಕೆ. ಪಿಎಚ್ ಅಳತೆಯಲ್ಲಿ ಒಂದು ಅಂಕಿ ಇಳಿದರೆ ಆಮ್ಲತೆ ಹತ್ತು ಪಟ್ಟು ಏರುತ್ತದೆ, ಲೆಕ್ಕ ಹಾಕಿಕೊಳ್ಳಿ. ಆಮ್ಲ ಮೇಲ್ಪದರವನ್ನು ಕೊರೆದಾಗ ಅದರ ಮೇಲಿದ್ದ ಕಲೆಯೂ ಜೊತೆಗೇ ಹೋಗುತ್ತದೆ. ಕೆಳಗಿನ ಮೇಲ್ಮೈ ಒರಟಾಗಿ, ಸುಣ್ಣದಂತೆ ಮಂಕು ಬಿಳಿಯಾಗಿ ಕಾಣುತ್ತದೆ. ಅದನ್ನೇ ಜನ ಬಿಳುಪು ಅಂದುಕೊಳ್ಳುತ್ತಾರೆ. ಮೆತ್ತಗಾದ ಆ ಪದರವನ್ನು ಕೂಡಲೇ ಬ್ರಷ್‌ನಿಂದ ಉಜ್ಜಿದರೆ ಶಾಶ್ವತವಾಗಿ ಕಳೆದುಹೋಗುತ್ತದೆ. ಎನಾಮೆಲ್ ಮತ್ತೆ ಬೆಳೆಯುವುದಿಲ್ಲ.

ವಿನೆಗರ್, ಸ್ಟ್ರಾಬೆರಿ ತಿರುಳು, ಹುಳಿ ಹಣ್ಣಿನ ಸಿಪ್ಪೆ ಎಲ್ಲದಕ್ಕೂ ಇದೇ ಮಾತು. ಹುಳಿ ತಿಂದರೂ ಕುಡಿದರೂ ಬರೀ ನೀರಿನಲ್ಲಿ ಮುಕ್ಕಳಿಸಿ, ಅರ್ಧ ಗಂಟೆಯಾದರೂ ಬಿಟ್ಟು ಬ್ರಷ್ ಮಾಡಿ.

ಅಚ್ಚುಕಟ್ಟು:
ನಿಂಬೆ ತಪ್ಪು ಅನ್ನುವುದಕ್ಕೆ ಎರಡು ಮಾತಿಲ್ಲ. ಆದರೆ ಅಡುಗೆ ಸೋಡಾವನ್ನೂ ಅದೇ ಬುಟ್ಟಿಗೆ ಹಾಕುವುದು ಅನ್ಯಾಯ. ಅದು ಎನಾಮೆಲ್‌ಗಿಂತ ಬಹಳ ಮೆತ್ತಗಿನ ಪುಡಿ, ನೀರಿಗೆ ಬಿದ್ದರೆ ಕರಗುತ್ತದೆ, ಪಿಎಚ್ 8ರ ಮೇಲಿದೆ. ಪೇಸ್ಟ್‌ಗಳ ಸವೆಸುವ ಗುಣ ಅಳೆಯಲು ಆರ್‌ಡಿಎ ಅನ್ನುವ ಮಾಪನ ಇದೆ. ಮೇಲ್ಮಿತಿ 250. ಬರೀ ಅಡುಗೆ ಸೋಡಾ ಹತ್ತಕ್ಕಿಂತ ಕೆಳಗೆ ನಿಲ್ಲುತ್ತದೆ. ಮಾಮೂಲಿ ಪೇಸ್ಟ್‌ಗಳೇ ಅದಕ್ಕಿಂತ ಎಷ್ಟೋ ಪಟ್ಟು ಒರಟು.

ರಸಾಯನಿ:
ಒಪ್ಪಿದೆ, ಸೋಡಾ ಹಲ್ಲು ಸವೆಸುವುದಿಲ್ಲ. ನನ್ನ ತಕರಾರು ಬೇರೆ. ಅದರಲ್ಲಿ ಫ್ಲೋರೈಡ್ ಇಲ್ಲ. ಪೇಸ್ಟ್ ಬಿಟ್ಟು ದಿನಾ ಸೋಡಾದಲ್ಲೇ ಉಜ್ಜಿದರೆ ಹುಳುಕಿನ ವಿರುದ್ಧ ಇದ್ದ ಕಾವಲು ತೆಗೆದುಹಾಕಿದಂತೆ. ಅದರಿಂದ ಹೋಗುವುದೂ ಮೇಲ್ಮೈ ಕಲೆ ಮಾತ್ರ, ಒಳಬಣ್ಣ ಅಲ್ಲ. ಫ್ಲೋರೈಡ್ ಮತ್ತು ಸೋಡಾ ಎರಡೂ ಇರುವ ಪೇಸ್ಟ್ ಸಿಗುತ್ತದೆ, ಅದನ್ನೇ ಬಳಸಿ. 1000ದಿಂದ 1500 ಪಿಪಿಎಂ ಫ್ಲೋರೈಡ್ ಇದೆಯಾ ನೋಡಿ, ಬಟಾಣಿಯಷ್ಟು ಹಾಕಿ, ಮೆದು ಎಳೆಯ ಬ್ರಷ್, ಎರಡು ನಿಮಿಷ, ದಿನಕ್ಕೆರಡು ಸಲ.

ಬ್ರಷ್ಷುಬಾಬು:
ಇದ್ದಿಲ ಪುಡಿಯ ಕಥೆಯನ್ನು ನಾನು ಮುಗಿಸುತ್ತೇನೆ. "ವಿಷ ಹೀರುತ್ತದೆ" ಅನ್ನುವ ಮಾತಿಗೂ ಹಲ್ಲಿನ ಬಣ್ಣಕ್ಕೂ ಸಂಬಂಧ ಇಲ್ಲ. ಕಣದ ಗಾತ್ರ ಪುಡಿಯಿಂದ ಪುಡಿಗೆ ಬೇರೆ, ಎಷ್ಟು ಒರಟು ಅಂತ ಡಬ್ಬಿ ನೋಡಿ ಹೇಳಲಾಗದು. ಸೂಕ್ಷ್ಮ ಕಪ್ಪು ಕಣಗಳು ಹಲ್ಲಿನ ಬಿರುಕಿನಲ್ಲಿ, ತುಂಬಿಸಿದ ಹಲ್ಲಿನ ಅಂಚಿನಲ್ಲಿ, ಒಸಡಿನ ಸಂದಿಯಲ್ಲಿ ಸೇರಿ ಕಪ್ಪು ಗೆರೆಯಾಗಿ ಉಳಿಯುತ್ತವೆ. ಬೆಳ್ಳಗಾಗಲು ಹೋಗಿ ಕಾಡಿಗೆ ಹಚ್ಚಿಕೊಂಡ ಹಾಗೆ. ಉಪ್ಪಿನ ಹರಳು ಹಾಕಿ ಉಜ್ಜುವುದೂ ಬೇಡ, ಒಸಡು ತರಚುತ್ತದೆ.

ನೇರಳೆ ಪೇಸ್ಟ್ ಮೋಸವಲ್ಲ, ಕಣ್ಣಿನ ಆಟ. ಬಟ್ಟೆಗೆ ನೀಲಿ ಹಾಕಿದ ಹಾಗೆ, ಹಳದಿಯ ಮೇಲೆ ನೀಲಿ-ನೇರಳೆ ತೆಳುವಾಗಿ ಕೂತರೆ ಬಿಳಿಯಾಗಿ ತೋರುತ್ತದೆ. ಕೆಲವು ಗಂಟೆಗಳಲ್ಲಿ ತೊಳೆದುಹೋಗುತ್ತದೆ. ಒಂದು ಸಂಜೆಯ ಫೋಟೊಗೆ ಸಾಕು.

ಎನಾಮೆಲ್‌ಪ್ರಿಯೆ:
ಈಗ ಪೆರಾಕ್ಸೈಡ್ ವಿಷಯಕ್ಕೆ ಬರೋಣ, ಯಾಕಂದರೆ ನಿಜವಾದ ಕೆಲಸ ಅದರದ್ದು. ಡಬ್ಬಿಯ ಮೇಲೆ ಎರಡು ಹೆಸರು ಕಾಣುತ್ತವೆ, ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಕಾರ್ಬಮೈಡ್ ಪೆರಾಕ್ಸೈಡ್. ಎರಡನೆಯದು ಬಾಯಲ್ಲಿ ಒಡೆದು ಮೊದಲನೆಯದನ್ನೂ ಯೂರಿಯಾವನ್ನೂ ಬಿಡುತ್ತದೆ. ಬರುವ ಹೈಡ್ರೋಜನ್ ಪೆರಾಕ್ಸೈಡ್ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು. ಅಂದರೆ ಶೇ. 10 ಕಾರ್ಬಮೈಡ್ ಅಂದರೆ ಸುಮಾರು ಶೇ. 3.5 ಹೈಡ್ರೋಜನ್ ಪೆರಾಕ್ಸೈಡ್. ಶೇ. 16 ಅಂದರೆ 6ಕ್ಕೆ ಸ್ವಲ್ಪ ಕಡಿಮೆ. ಶೇ. 22 ಅಂದರೆ 8ರ ಹತ್ತಿರ. "22 ದೊಡ್ಡದಾ, 6 ದೊಡ್ಡದಾ" ಅಂತ ಗೊಂದಲ ಆಗುವುದು ಇಲ್ಲೇ.

ಬಿಡುವ ವೇಗವೂ ಬೇರೆ. ಹೈಡ್ರೋಜನ್ ಪೆರಾಕ್ಸೈಡ್ ಜೆಲ್‌ನ ಬಲ ಅರ್ಧದಿಂದ ಒಂದು ಗಂಟೆಯಲ್ಲಿ ಬಹುಪಾಲು ಮುಗಿಯುತ್ತದೆ. ಕಾರ್ಬಮೈಡ್ ಮೊದಲ ಎರಡು ಗಂಟೆಯಲ್ಲಿ ಅರ್ಧದಷ್ಟು ಬಿಟ್ಟು, ಉಳಿದದ್ದನ್ನು ರಾತ್ರಿಯಿಡೀ ನಿಧಾನಕ್ಕೆ ಬಿಡುತ್ತದೆ. ಅದಕ್ಕೇ ಜೆಲ್ ಹಾಕಿ ಹಲ್ಲಿನ ಸಾಲಿಗೆ ಕೂರಿಸಿಕೊಂಡು ಮಲಗುವ ರಾತ್ರಿ ಟ್ರೇಗೆ ಶೇ. 10ರ ಕಾರ್ಬಮೈಡ್ ಒಳ್ಳೆಯ ಜೋಡಿ. 1989ರಲ್ಲಿ ಹೇವುಡ್ ಮತ್ತು ಹೇಮನ್ ಎಂಬ ಇಬ್ಬರು ದಂತವೈದ್ಯರು ಈ ವಿಧಾನವನ್ನು ಪ್ರಕಟಿಸಿದರು. ಇವತ್ತಿಗೂ ಮನೆ ಬಿಳುಪಿನ ಅಳತೆಗೋಲು ಅದೇ.

ಹೆಚ್ಚು ಶೇಕಡಾ ಇದ್ದರೆ ಬೇಗ ಶುರುವಾಗುತ್ತದೆ, ಅಷ್ಟೆ. ಕೊನೆಗೆ ಮುಟ್ಟುವ ಬಣ್ಣ ಹೆಚ್ಚುಕಡಿಮೆ ಒಂದೇ. ಹೆಚ್ಚುವರಿಯಾಗಿ ಸಿಗುವುದು ಜುಮ್ಮು.

ಅಚ್ಚುಕಟ್ಟು:
ಮಿತಿಯ ಅಂದಾಜಿಗೆ: ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ ಶೇ. 0.1ಕ್ಕಿಂತ ಹೆಚ್ಚು, ಶೇ. 6ರವರೆಗೆ ಹೈಡ್ರೋಜನ್ ಪೆರಾಕ್ಸೈಡ್ ಇರುವ ಉತ್ಪನ್ನವನ್ನು ದಂತವೈದ್ಯರ ಮೂಲಕವಷ್ಟೇ ಕೊಡಬಹುದು. ಮೊದಲ ಬಳಕೆ ಅವರ ಮುಂದೆ ಅಥವಾ ಅವರ ನಿಗಾದಲ್ಲಿ ಆಗಬೇಕು. 18ಕ್ಕಿಂತ ಚಿಕ್ಕವರಿಗೆ ಇಲ್ಲ. ಅದನ್ನು ಮೀರಿದ್ದು ಮನೆಗೆ ಬೇಡ ಅಂತ ಇಟ್ಟುಕೊಂಡರೆ ತಪ್ಪಾಗದು. ಕೈಗಾರಿಕೆಗೆ ಮಾರುವ ಶೇ. 35ರ ಪೆರಾಕ್ಸೈಡನ್ನು "ನೀರು ಬೆರೆಸಿಕೊಂಡರಾಯ್ತು" ಅಂತ ತರುವವರಿದ್ದಾರೆ. ಅದು ಚರ್ಮ ಸುಡುವ ದ್ರವ. ಕಣ್ಣಿಗೆ ಸಿಡಿದರೆ, ಒಂದು ಗುಟುಕು ಒಳಹೋದರೆ ಪ್ರಾಣಕ್ಕೇ ಕುತ್ತು. ಅದನ್ನು ಮುಟ್ಟಲೇಬೇಡಿ.

ನಸುಬಿಳಿ:
ಟ್ರೇ ಬಳಸುವ ಕ್ರಮವನ್ನು ಹಂತ ಹಂತವಾಗಿ ಹೇಳ್ತೀರಾ ಮೇಡಂ?

ಎನಾಮೆಲ್‌ಪ್ರಿಯೆ:
ಮೊದಲು ಹುಳುಕು, ಸೋರುವ ಫಿಲ್ಲಿಂಗ್, ಒಸಡಿನ ರಕ್ತ, ಬಿರುಕು ಇಲ್ಲ ಅಂತ ಖಾತ್ರಿಯಾಗಬೇಕು. ಹುಳುಕಿನ ಗುಂಡಿಯ ಮೂಲಕ ಜೆಲ್ ಸೀದಾ ನರದ ಬಳಿಗೆ ಹೋಗುತ್ತದೆ. ಡಾಕ್ಟರನ್ನು ಯಾಕೆ ಕೇಳಬೇಕು ಅಂತ ಕೇಳಿದ್ದಿರಲ್ಲ, ಅದಕ್ಕೆ ಉತ್ತರ ಇದೇ. ಅದೇ ಭೇಟಿಯಲ್ಲಿ ಸ್ಕೇಲಿಂಗ್ ಆಗಲಿ, ಆಮೇಲೆ ಒಸಡು ಆರಲು ಒಂದು ವಾರ ಬಿಡಿ. ಎಷ್ಟೋ ಸಲ ಸ್ಕೇಲಿಂಗ್ ಆದ ಮೇಲೆ ಬಿಳುಪಿನ ಆಸೆಯೇ ತೀರಿಹೋಗುತ್ತದೆ.

ಟ್ರೇ ಹಲ್ಲಿನ ಅಳತೆ ತೆಗೆದು ಮಾಡಿಸಿದ್ದೇ ಆಗಬೇಕು. ಬಿಸಿನೀರಲ್ಲಿ ಅದ್ದಿ ಕಚ್ಚಿ ಆಕಾರ ಕೊಡುವ ಟ್ರೇ ದಪ್ಪ, ಸಡಿಲ. ಜೆಲ್ಲು ಒಸಡಿಗೆ ಹರಿಯುತ್ತದೆ, ಲಾಲಾರಸ ಒಳಗೆ ಬರುತ್ತದೆ, ಲಾಲಾರಸದ ಕಿಣ್ವಗಳು ಪೆರಾಕ್ಸೈಡನ್ನು ನೋಡನೋಡುತ್ತಲೇ ಒಡೆದುಹಾಕುತ್ತವೆ.

ರಾತ್ರಿ ಮೆಲ್ಲಗೆ ಬ್ರಷ್ ಮಾಡಿ, ಹಲ್ಲಿನ ಸಂದಿಗೆ ದಾರ ಹಾಕಿ. ಜೋರಾಗಿ ಉಜ್ಜಿ ಒಸಡು ತರಚಿದರೆ ಜೆಲ್ ತಾಗಿದಾಗ ಉರಿಯುತ್ತದೆ. ಜೆಲ್ ಫ್ರಿಜ್‌ನಲ್ಲಿದ್ದರೆ ಹತ್ತು ನಿಮಿಷ ಮೊದಲೇ ಹೊರಗಿಡಿ. ಟ್ರೇ ಒಣಗಿರಲಿ. ತುಟಿಯ ಕಡೆಯ ಒಳಗೋಡೆಗೆ ಒಂದೊಂದು ಹಲ್ಲಿನ ಗುಳಿಗೂ ಅಕ್ಕಿಕಾಳಿನಷ್ಟು ಹನಿ. ಒಂದು ಸಾಲಿಗೆ ಅರ್ಧ ಮಿಲಿ ಸಾಕು, ಅಂದರೆ 3 ಮಿಲಿ ಸಿರಿಂಜ್ ಒಂದು ಸಾಲಿಗೆ ಕನಿಷ್ಠ ಆರು ರಾತ್ರಿ ಬರಬೇಕು. ಎರಡೇ ರಾತ್ರಿಗೆ ಖಾಲಿಯಾಯಿತಾ? ಹೆಚ್ಚಾಗಿದ್ದೆಲ್ಲ ಒಸಡಿಗೂ ಹೊಟ್ಟೆಗೂ ಹೋಗಿದೆ ಅಂತಲೇ ಅರ್ಥ.

ಟ್ರೇ ಕೂರಿಸಿ, ಬೆರಳಿಂದ ಮೆಲ್ಲಗೆ ಒತ್ತಿ. ಅಂಚಿನಿಂದ ಹೊರಬಂದ ಜೆಲ್ಲನ್ನು ಒಣ ಬ್ರಷ್ ಅಥವಾ ಹತ್ತಿಯಿಂದ ಒರೆಸಿ, ಒಮ್ಮೆ ಮುಕ್ಕಳಿಸಿ ಉಗುಳಿ. ಶೇ. 10 ಕಾರ್ಬಮೈಡ್ ರಾತ್ರಿ ಮಲಗಿ ಏಳುವವರೆಗೆ ಇರಬಹುದು, ಹಗಲಲ್ಲಾದರೆ 2ರಿಂದ 4 ಗಂಟೆ. ಶೇ. 6 ಹೈಡ್ರೋಜನ್ ಪೆರಾಕ್ಸೈಡ್ ಆದರೆ ಡಬ್ಬಿಯಲ್ಲಿ ಹೇಳಿದಷ್ಟೇ, ಸಾಮಾನ್ಯವಾಗಿ ಒಂದು ಗಂಟೆಯ ಒಳಗೆ. ಅದನ್ನು ಹಾಕಿಕೊಂಡು ಮಲಗಬೇಡಿ. ತೆಗೆದ ಮೇಲೆ ಮುಕ್ಕಳಿಸಿ, ಟ್ರೇಯನ್ನು ತಣ್ಣೀರಲ್ಲಿ ತೊಳೆದು ಗಾಳಿಯಾಡುವ ಡಬ್ಬಿಯಲ್ಲಿಡಿ. ಬಿಸಿನೀರು ಬಿದ್ದರೆ ಆಕಾರ ಕೆಡುತ್ತದೆ.

ಮಾಮೂಲಿ ಹಳದಿಗೆ ಎರಡು ವಾರ, ಹೆಚ್ಚೆಂದರೆ ಆರು ವಾರ. ಟೆಟ್ರಾಸೈಕ್ಲಿನ್ ಎಂಬ ಆಂಟಿಬಯೋಟಿಕ್ ಮಾತ್ರೆಯಿಂದ ಬಂದ ಬೂದು ಪಟ್ಟೆಗಾದರೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಪೂರ್ತಿ ಹೋಗದೆಯೂ ಇರಬಹುದು.

ದಂತಕಥೆ:
ಒಂದು ಉಪಾಯ ಸೇರಿಸುತ್ತೇನೆ. ಮೊದಲು ಮೇಲಿನ ಸಾಲು ಮಾತ್ರ ಮಾಡಿ. ಕೆಳಗಿನ ಸಾಲು ಹೋಲಿಕೆಗೆ ಉಳಿದುಕೊಳ್ಳುತ್ತದೆ, ಇಲ್ಲದಿದ್ದರೆ ದಿನಾ ಕನ್ನಡಿ ನೋಡುವವರಿಗೆ ಬದಲಾವಣೆ ಗೊತ್ತೇ ಆಗದೆ "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ" ಅಂತ ಎಳೆಯುತ್ತಾರೆ. ಶುರು ಮಾಡುವ ದಿನವೇ ಕಿಟಕಿಯ ಹಗಲು ಬೆಳಕಲ್ಲಿ, ಫ್ಲ್ಯಾಶ್ ಇಲ್ಲದೆ ಒಂದು ಫೋಟೊ ತೆಗೆದಿಡಿ, ಪ್ರತಿ ವಾರ ಅದೇ ಜಾಗ, ಅದೇ ಹೊತ್ತಿನಲ್ಲಿ ಇನ್ನೊಂದು. ಹಲ್ಲು ಕಣ್ಣಿನ ಬಿಳಿಗುಡ್ಡೆಯ ಬಣ್ಣಕ್ಕೆ ಬಂದಿತಾ, ನಿಲ್ಲಿಸಿ. ಅದಕ್ಕೂ ಮುಂದೆ ಹೋದರೆ ಅಂಚುಗಳು ಗಾಜಿನಂತೆ ನೀಲಿ-ಬೂದು ಆಗುತ್ತವೆ.

ಟ್ರೇ ತೆಗೆದ ಕೂಡಲೇ ಕಾಣುವ ಬಿಳುಪನ್ನೂ ನಂಬಬೇಡಿ. ಹಲ್ಲು ಒಣಗಿರುವುದರಿಂದ ಹಾಗೆ ಕಾಣುತ್ತದೆ. ನಿಲ್ಲಿಸಿದ ಎರಡು ವಾರದಲ್ಲಿ ಬಣ್ಣ ತುಸು ಇಳಿದು ನಿಲ್ಲುತ್ತದೆ, ಅದೇ ನಿಜವಾದ ಬಣ್ಣ. ನೀಲಿ ದೀಪದ ಗುಟ್ಟೂ ಅರ್ಧ ಇಲ್ಲೇ ಇದೆ. ಬಾಯಿ ತೆರೆದು ಕೂತು ಹಲ್ಲು ಒಣಗುತ್ತದೆ, ದೀಪದ ಪ್ರತಾಪ ಅಂತ ಹೆಸರಾಗುತ್ತದೆ. ಕೆಲಸ ಮಾಡುವುದು ಜೆಲ್ಲು.

ನಸುಬಿಳಿ:
ಮೂರನೇ ದಿನಕ್ಕೇ ಜುಮ್ಮೆನ್ನಲು ಶುರುವಾಗುತ್ತದೆ ಅಂತ ಬಹಳ ಜನ ಬಿಟ್ಟುಬಿಡುತ್ತಾರೆ. ಅದು ಅಪಾಯದ ಸೂಚನೆಯಾ?

ರಸಾಯನಿ:
ಬಹುಪಾಲು ಅಲ್ಲ. ಪೆರಾಕ್ಸೈಡ್ ಕಣ ತೀರಾ ಚಿಕ್ಕದು. ಎನಾಮೆಲ್, ಡೆಂಟಿನ್ ದಾಟಿ 5ರಿಂದ 15 ನಿಮಿಷದಲ್ಲಿ ನರದ ತನಕ ತಲುಪುತ್ತದೆ. ನರ ಅದಕ್ಕೆ ಸಿಡಿಮಿಡಿಗೊಳ್ಳುತ್ತದೆ. ತಣ್ಣೀರಿಗೆ ಜುಮ್ಮೆನ್ನುವುದು, ಏನೂ ತಾಗದೆಯೂ ಮಿಂಚಿನಂತೆ ಚುಚ್ಚಿ ಹೋಗುವುದು, ಎರಡೂ ಮಾಮೂಲು. ಬಿಟ್ಟರೆ ಕೆಲವೇ ದಿನದಲ್ಲಿ ಶಮನವಾಗುತ್ತದೆ.

ತಗ್ಗಿಸಲು ಶುರುವಿಗೆ ಎರಡು ವಾರ ಮುಂಚಿನಿಂದಲೇ ಶೇ. 5 ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್ ಬಳಸಿ. ನೋವು ಬಂದ ದಿನ ಜೆಲ್ ಬದಲು ಅದೇ ಪೇಸ್ಟನ್ನು ಟ್ರೇಗೆ ತೆಳುವಾಗಿ ಹಾಕಿ 10ರಿಂದ 30 ನಿಮಿಷ ಇಟ್ಟುಕೊಳ್ಳಬಹುದು, ನುಂಗಬಾರದು. ಒಸಡು ಉರಿದರೆ ನೊರೆ ಬರಿಸುವ ಎಸ್‌ಎಲ್‌ಎಸ್ ಇಲ್ಲದ ಪೇಸ್ಟ್ ಆರಿಸಿ. ಜೆಲ್ ದಿನ ಬಿಟ್ಟು ದಿನ ಹಾಕಿ, ಇಲ್ಲವೇ ರಾತ್ರಿಯ ಬದಲು ಎರಡು ಗಂಟೆಗೆ ಇಳಿಸಿ. ಒಟ್ಟು ದಿನ ಹೆಚ್ಚಾಗುತ್ತದೆ, ಫಲ ಕಡಿಮೆಯಾಗುವುದಿಲ್ಲ.

ಒಂದೇ ಹಲ್ಲು ಪದೇ ಪದೇ ನೋಯುತ್ತಿದ್ದರೆ, ನಿಲ್ಲಿಸಿ ವಾರವಾದರೂ ಹೋಗದಿದ್ದರೆ, ಬಿಸಿಗೆ ನೋವು ಬಂದು ಬಹಳ ಹೊತ್ತು ನಿಂತರೆ, ಅದು ಜೆಲ್ಲಿನ ಜುಮ್ಮಲ್ಲ. ಆ ಹಲ್ಲನ್ನು ತೋರಿಸಿ.

ಬ್ರಷ್ಷುಬಾಬು:
ಒಸಡಿನ ಅಂಚು ಬೆಳ್ಳಗೆ ಬೆಂದಂತೆ ಕಂಡರೂ ಗಾಬರಿ ಬೇಡ. ಪೆರಾಕ್ಸೈಡ್ ತಾಗಿದ ಗುರುತು ಅದು. ನೀರಲ್ಲಿ ಚೆನ್ನಾಗಿ ಮುಕ್ಕಳಿಸಿದರೆ ಕೆಲವು ಗಂಟೆಯಲ್ಲಿ ಬಣ್ಣ ಮರಳುತ್ತದೆ. ಮತ್ತೆ ಮತ್ತೆ ಅದೇ ಜಾಗದಲ್ಲಿ ಬಂದರೆ ಜೆಲ್ ಹೆಚ್ಚಾಗಿದೆ, ಇಲ್ಲವೇ ಟ್ರೇ ಅಂಚು ಒಸಡಿನ ಮೇಲೆ ಕೂತಿದೆ. ಅಂಚನ್ನು ಕತ್ತರಿಸಿ ಸರಿಮಾಡಿಸಬೇಕು.

ಸ್ಟ್ರಿಪ್ ಬಗ್ಗೆ ಯಾರೂ ಹೇಳಲಿಲ್ಲ. ಟ್ರೇಗೆ ಹೋಗಲು ಮನಸ್ಸಿಲ್ಲದವರಿಗೆ ಅದು ಪರವಾಗಿಲ್ಲ. ಹಲ್ಲನ್ನು ಬಟ್ಟೆಯಿಂದ ಒರೆಸಿ ಒಣಗಿಸಿ, ಒಸಡಿನ ಗೆರೆಗಿಂತ ಕೂದಲೆಳೆಯಷ್ಟು ಈಚೆಗೇ ಅಂಟಿಸಿ, ಉಳಿದದ್ದನ್ನು ಹಿಂದಕ್ಕೆ ಮಡಚಿ. ಅಗಲ ಹೆಚ್ಚಿದ್ದರೆ ಮೊದಲೇ ಕತ್ತರಿಸಿಕೊಳ್ಳಿ. ಸಾಮಾನ್ಯವಾಗಿ ದಿನಕ್ಕೆ 30 ನಿಮಿಷ, 14 ದಿನ. ದಿನಕ್ಕೆರಡು ಹಾಕಿ ಏಳು ದಿನಕ್ಕೆ ಮುಗಿಸುವ ಆತುರ ಬೇಡ. ಹಲ್ಲುಗಳು ಒಂದರ ಮೇಲೊಂದು ಏರಿದ್ದರೆ ಸ್ಟ್ರಿಪ್ ಸಂದಿಗೆ ತಾಗದೆ ಅಲ್ಲಿ ಹಳದಿ ಗೆರೆ ಉಳಿಯುತ್ತದೆ. ಅಂಥವರಿಗೆ ಟ್ರೇಯೇ ವಾಸಿ.

ಅಚ್ಚುಕಟ್ಟು:
ಗರ್ಭಿಣಿಯರು, ಹಾಲೂಡಿಸುವವರು ಮುಂದಕ್ಕೆ ಹಾಕುವುದು ಒಳ್ಳೆಯದು. ಅವಸರದ ಚಿಕಿತ್ಸೆ ಏನಲ್ಲವಲ್ಲ. ಒಸಡು ಇಳಿದು ಬೇರು ಕಾಣುವವರಿಗೆ ಎರಡು ತೊಂದರೆ: ಬೇರು ಅಷ್ಟಾಗಿ ಬೆಳ್ಳಗಾಗುವುದಿಲ್ಲ, ಜುಮ್ಮು ಮಾತ್ರ ಜೋರು. ಹಲ್ಲಿನ ಮೇಲೆ ಮೊದಲೇ ಬಿಳಿ ಮಚ್ಚೆ ಇದ್ದರೆ ಮೊದಲ ವಾರ ಅವು ಇನ್ನೂ ಎದ್ದು ಕಾಣುತ್ತವೆ, ಆಮೇಲೆ ಸುತ್ತಲಿನ ಬಣ್ಣ ಹತ್ತಿರ ಬಂದಂತೆ ತಗ್ಗುತ್ತವೆ. ಅರ್ಧಕ್ಕೆ ನಿಲ್ಲಿಸಿದರೆ ಮಚ್ಚೆ ಎದ್ದ ಸ್ಥಿತಿಯಲ್ಲೇ ಉಳಿದುಬಿಡಬಹುದು.

ನಸುಬಿಳಿ:
ಮುಂದಿನ ಹಲ್ಲಿಗೆ ಕ್ಯಾಪ್ ಅಥವಾ ಹಲ್ಲಿನ ಬಣ್ಣದ ಫಿಲ್ಲಿಂಗ್ ಇದ್ದರೆ?

ಎನಾಮೆಲ್‌ಪ್ರಿಯೆ:
ಅವು ಬೆಳ್ಳಗಾಗುವುದಿಲ್ಲ. ಸುತ್ತಲಿನ ಹಲ್ಲು ಬೆಳ್ಳಗಾಗಿ ಹಳೆ ಫಿಲ್ಲಿಂಗ್ ತೇಪೆಯಂತೆ ಕಾಣುತ್ತದೆ. ಬದಲಿಸುವ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ತಗೊಂಡೇ ಶುರು ಮಾಡಿ. ಬದಲಿಸುವುದು ಮಾತ್ರ ಜೆಲ್ ನಿಲ್ಲಿಸಿ ಎರಡು ವಾರ ಆದ ಮೇಲೆ. ಬಣ್ಣ ನೆಲೆಗೊಳ್ಳಬೇಕು ಅನ್ನುವುದು ಒಂದು ಕಾರಣ. ಇನ್ನೊಂದು, ಹಲ್ಲಿನೊಳಗೆ ಉಳಿದ ಆಮ್ಲಜನಕ ಫಿಲ್ಲಿಂಗ್‌ನ ಅಂಟು ಗಟ್ಟಿಯಾಗದಂತೆ ತಡೆಯುತ್ತದೆ. ಅವಸರಪಟ್ಟರೆ ಫಿಲ್ಲಿಂಗ್ ಕಿತ್ತುಬರುತ್ತದೆ.

ನಸುಬಿಳಿ:
ಜೆಲ್ ಹಾಕುವ ಎರಡು ವಾರ ಕಾಫಿ ಪೂರ್ತಿ ಬಿಡಬೇಕಾ? ಎಷ್ಟು ಕಾಲ ಬಾಳಿಕೆ?

ದಂತಕಥೆ:
ಬಿಳಿ ಪದಾರ್ಥ ಮಾತ್ರ ತಿನ್ನಿ ಅನ್ನುವ ಪಥ್ಯವನ್ನು ಅಷ್ಟು ಕಟ್ಟುನಿಟ್ಟಾಗಿ ಹಿಡಿಯಬೇಕಿಲ್ಲ. ಟ್ರೇ ತೆಗೆದ ಮೊದಲ ಒಂದೆರಡು ಗಂಟೆ ಗಾಢ ಬಣ್ಣದ್ದನ್ನೂ ಹುಳಿಯನ್ನೂ ದೂರ ಇಟ್ಟರೆ ಸಾಕು. ಆಮೇಲೆ ಕುಡಿದರೂ ಗುಟುಕು ಗುಟುಕಾಗಿ ಗಂಟೆಗಟ್ಟಲೆ ಎಳೆಯದೆ ಒಮ್ಮೆಗೇ ಮುಗಿಸಿ ನೀರು ಕುಡಿಯಿರಿ. ತಂಬಾಕು ಮುಂದುವರಿಸುವವರು ಈ ಖರ್ಚಿಗೇ ಇಳಿಯದಿರುವುದು ಲೇಸು. ಬಾಳಿಕೆ ಸಾಮಾನ್ಯವಾಗಿ ಒಂದರಿಂದ ಮೂರು ವರ್ಷ. ಬಣ್ಣ ಮಾಸಿತು ಅನ್ನಿಸಿದಾಗ ಅದೇ ಟ್ರೇಯಲ್ಲಿ ಒಂದೆರಡು ರಾತ್ರಿ ಹಾಕಿದರೆ ಮರಳುತ್ತದೆ, ಮತ್ತೆ ಎರಡು ವಾರ ಬೇಕಿಲ್ಲ. ಅದಕ್ಕೇ ಟ್ರೇ ಎಸೆಯಬೇಡಿ.

ನಸುಬಿಳಿ:
ಉಳಿದ ಜೆಲ್ ಅಲ್ಲಿಯವರೆಗೆ ಇಟ್ಟುಕೊಳ್ಳಬಹುದಾ?

ರಸಾಯನಿ:
ಮುಚ್ಚಳ ಬಿಗಿಯಾಗಿ ಹಾಕಿ ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಿ ಬೇಡ. ಬಿಸಿಲು, ಸೆಕೆ ತಾಗಿದರೆ ಪೆರಾಕ್ಸೈಡ್ ತಾನಾಗಿಯೇ ಒಡೆದು ನೀರು, ಆಮ್ಲಜನಕ ಆಗಿಬಿಡುತ್ತದೆ. ಅವಧಿ ಮುಗಿದದ್ದು ಹೆಚ್ಚಾಗಿ ಬಲ ಕಳೆದುಕೊಂಡಿರುತ್ತದೆ. ಹಚ್ಚಿದರೂ ಉಪಯೋಗವಿಲ್ಲ, ಬಿಸಾಡಿ. ಮಕ್ಕಳ ಕೈಗೆ ಸಿಗದ ಕಡೆ ಇಡಿ, ಸಿರಿಂಜ್ ಮೇಲೆ ಹೆಸರು ಬರೆದಿಡಿ. ಫ್ರಿಜ್‌ನಲ್ಲಿ ಸಿರಿಂಜ್ ಕಂಡರೆ ಮನೆಯವರು ಏನೇನೋ ಅಂದುಕೊಳ್ಳುತ್ತಾರೆ.